ಲಸಿಕೆ ಹಾಕುವಾಗ ಮಗುವಿನ ಮೇಲ್ತುಟಿಯನ್ನೂ ಎತ್ತಿ ನೋಡಿ: ಮಕ್ಕಳ ವೈದ್ಯರಿಗೊಂದು ಬಹಿರಂಗ ಪತ್ರ

ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಮಕ್ಕಳ ವೈದ್ಯರಿಗೆ ಹಾಗೂ ಮೂರೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಿಮ್ಮಲ್ಲಿ ನಾನು ಕೇಳುತ್ತಿರುವುದು ಒಂದೇ ಕೆಲಸ. ತಾಯಿ ಮಗುವನ್ನು ಲಸಿಕೆಗೆ ಕರೆತಂದಾಗ ತೂಕ ನೋಡುತ್ತೀರಿ, ಎದೆಗೆ ಸ್ಟೆತಸ್ಕೋಪ್ ಇಡುತ್ತೀರಿ, ಟಾರ್ಚ್ ಬಿಟ್ಟು ಗಂಟಲು ನೋಡುತ್ತೀರಿ. ಅದೇ ಟಾರ್ಚ್ ಆರಿಸುವ ಮೊದಲು ಮೇಲ್ತುಟಿಯನ್ನು ಬೆರಳಿನಿಂದ ಎತ್ತಿ ಮುಂದಿನ ನಾಲ್ಕು ಹಲ್ಲುಗಳನ್ನು ನೋಡಿ. ಹಲ್ಲು ವಸಡನ್ನು ಸೇರುವ ಅಂಚಿನಲ್ಲಿ ಹೊಳಪಿಲ್ಲದ ಬಿಳಿ ಗೆರೆ ಕಂಡರೆ ಆ ಮಗುವಿಗೆ ಹುಳುಕು ಹಲ್ಲು ಶುರುವಾಗಿದೆ ಎಂದರ್ಥ. ಇದಕ್ಕೆ ಅರ್ಧ ನಿಮಿಷ ಸಾಕು.

ಇದನ್ನು ನಿಮ್ಮ ಸಭೆಯೊಂದರಲ್ಲಿ ಎದ್ದು ನಿಂತು ಹೇಳಬಹುದಿತ್ತು. ಆದರೆ ತಾಯಂದಿರೂ ಇದನ್ನು ಓದಬೇಕು, ಮುಂದಿನ ಸಲ ನಿಮ್ಮ ಮೇಜಿನ ಮುಂದೆ ಕುಳಿತಾಗ "ಡಾಕ್ಟರೇ, ಹಲ್ಲನ್ನೂ ನೋಡಿ" ಎಂದು ಕೇಳಬೇಕು ಎಂಬ ಆಸೆಯಿಂದ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯಲ್ಲಿ ಮಕ್ಕಳ ದಂತವೈದ್ಯೆ. ನನ್ನಲ್ಲಿಗೆ ಬರುವ ಮಕ್ಕಳು ಈ ಊರಿನವರಷ್ಟೇ ಅಲ್ಲ. ಕುಂದಗೋಳ, ನವಲಗುಂದ, ಶಿಗ್ಗಾವಿ, ಸವಣೂರು, ರೋಣ, ಮುಂಡರಗಿಯಿಂದಲೂ ಬರುತ್ತಾರೆ. 1997ರಲ್ಲಿ ಹಳೆಯ ಧಾರವಾಡ ಜಿಲ್ಲೆ ಮೂರಾಯಿತು. ಆದರೂ ಕಾಯಿಲೆ ಬಿಗಿಯಾದಾಗ ಜನ ಈಗಲೂ ಹುಬ್ಬಳ್ಳಿಯ ಬಸ್ಸನ್ನೇ ಹತ್ತುತ್ತಾರೆ. ಹಾಗೆ ಬಸ್ ಹತ್ತಿ ಬರುವ ಮಗುವಿಗೆ ಸಾಮಾನ್ಯವಾಗಿ ನಾಲ್ಕು, ನಾಲ್ಕೂವರೆ ವರ್ಷ. ಕೆನ್ನೆ ಊದಿರುತ್ತದೆ, ರಾತ್ರಿ ನಿದ್ದೆ ಇರುವುದಿಲ್ಲ, ಮೇಲಿನ ಮುಂಬಲ್ಲುಗಳು ವಸಡಿನವರೆಗೆ ಸವೆದು ಕರಿಯ ಮೋಟುಗಳಾಗಿರುತ್ತವೆ. ತಾಯಿ ಮೊದಲ ಸಲ ದಂತವೈದ್ಯರ ಮುಖ ನೋಡುವುದು ಅಂದೇ. ಆದರೆ ಅದೇ ತಾಯಿ ಅಷ್ಟು ಹೊತ್ತಿಗೆ ನಿಮ್ಮಲ್ಲಿಗೆ ಲೆಕ್ಕವಿಲ್ಲದಷ್ಟು ಸಲ ಬಂದುಹೋಗಿರುತ್ತಾಳೆ.

ಮೊದಲ ಹಲ್ಲು ಸುಮಾರು ಆರನೇ ತಿಂಗಳಿಗೆ ಬರುತ್ತದೆ. ಎರಡೂವರೆಯಿಂದ ಮೂರು ವರ್ಷದೊಳಗೆ ಇಪ್ಪತ್ತೂ ಹಾಲುಹಲ್ಲು ಬಂದಿರುತ್ತವೆ. ಆ ಅವಧಿಯಲ್ಲಿ ಸರ್ಕಾರಿ ಪಟ್ಟಿಯ ಪ್ರಕಾರ 9ನೇ ತಿಂಗಳಿನಲ್ಲಿ ದಡಾರ-ರುಬೆಲ್ಲಾ ಲಸಿಕೆ, 16ರಿಂದ 24 ತಿಂಗಳ ನಡುವೆ ಎರಡನೆಯದು ಮತ್ತು ಬೂಸ್ಟರ್ ಇವೆ. ಖಾಸಗಿ ದವಾಖಾನೆಗೆ ಬರುವವರಾದರೆ ಆರನೇ ತಿಂಗಳು, ಒಂಬತ್ತು, ಹನ್ನೆರಡು, ಹದಿನೈದು, ಹದಿನೆಂಟು ಹೀಗೆ ಇನ್ನೂ ಹೆಚ್ಚು. ನಡುನಡುವೆ ನೆಗಡಿ, ಕೆಮ್ಮು, ಭೇದಿ ಎಂದು ಬರುವುದು ಬೇರೆ. ಹಲ್ಲು ಹುಟ್ಟಿ ಹಾಳಾಗುವ ಇಡೀ ಕಾಲ ನಿಮ್ಮ ಕಣ್ಣೆದುರೇ ಕಳೆಯುತ್ತದೆ. ಮೊದಲ ಹಲ್ಲು ಬಂದ ಆರು ತಿಂಗಳೊಳಗೆ, ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ, ಮಗುವನ್ನು ದಂತವೈದ್ಯರಿಗೆ ತೋರಿಸಬೇಕೆಂಬುದು ನಮ್ಮ ಶಾಸ್ತ್ರದ ಮಾತು. ಹಿರೇಕೆರೂರಿನ ಕೂಲಿ ಕುಟುಂಬವೊಂದು ನೋವೇ ಇಲ್ಲದ ಹಲ್ಲನ್ನು ತೋರಿಸಲು ಒಂದು ದಿನದ ದುಡಿಮೆ ಬಿಟ್ಟು ಬರುತ್ತದೆಂದು ನಾನು ಹೇಗೆ ನಿರೀಕ್ಷಿಸಲಿ? ಬರುವುದಿಲ್ಲ. ಲಸಿಕೆಗೆ ಮಾತ್ರ ಬರುತ್ತದೆ, ಏಕೆಂದರೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಕರೆದಿರುತ್ತಾಳೆ, ಲಸಿಕೆ, ತೂಕ ದಾಖಲಿಸುವ ಸರ್ಕಾರಿ 'ತಾಯಿ ಕಾರ್ಡ್'ನಲ್ಲಿ ದಿನಾಂಕವನ್ನೂ ಬರೆದಿರುತ್ತಾಳೆ.

ಹುಳುಕು ಒಂದು ರಾತ್ರಿಯಲ್ಲಿ ಬರುವ ರೋಗವಲ್ಲ. ಸಕ್ಕರೆಯನ್ನು ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲವಾಗಿ ಮಾರ್ಪಡಿಸುತ್ತವೆ, ಬಾಯಿಯ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 5.5ಕ್ಕಿಂತ ಕೆಳಗಿಳಿದಾಗಲೆಲ್ಲ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲಿನಿಂದ ಖನಿಜ ಕರಗುತ್ತದೆ. ಲಾಲಾರಸ ಅದನ್ನು ಮತ್ತೆ ತುಂಬುತ್ತಲೇ ಇರುತ್ತದೆ. ಕರಗುವುದು ಹೆಚ್ಚಾಗಿ ತುಂಬುವುದು ಕಡಿಮೆಯಾದಾಗ ಮೊದಲು ಕಾಣುವುದು ನಾನು ಹೇಳಿದ ಆ ಬಿಳಿ ಗೆರೆ. ಈ ಹಂತದಲ್ಲಿ ಎನಾಮಲ್ ಇನ್ನೂ ಒಡೆದಿರುವುದಿಲ್ಲ. ರಾತ್ರಿಯ ಬಾಟಲಿ ಬಿಡಿಸಿ, ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟಿನಿಂದ ಉಜ್ಜಿ, ಹಲ್ಲಿನ ಮೇಲೆ ಫ್ಲೋರೈಡ್ ವಾರ್ನಿಷ್ ಎಂಬ ಲೇಪ ಹಚ್ಚಿದರೆ ರೋಗ ಅಲ್ಲಿಗೇ ನಿಲ್ಲುತ್ತದೆ; ಎಷ್ಟೋ ಸಲ ಹಲ್ಲು ಮತ್ತೆ ಗಟ್ಟಿಯಾಗುತ್ತದೆ. ಡ್ರಿಲ್ ಬೇಡ, ಸೂಜಿ ಬೇಡ, ಮಗು ಅಳುವುದೂ ಬೇಡ. ಕೆಲವು ತಿಂಗಳು ಬಿಟ್ಟರೆ ಗೆರೆ ಹಳದಿಯಾಗಿ, ಕಂದಾಗಿ, ಗುಳಿಯಾಗುತ್ತದೆ. ಹಾಲುಹಲ್ಲಿನ ಎನಾಮಲ್ ತೆಳು, ನರದ ಕೋಣೆ ದೊಡ್ಡದು. ಗುಳಿ ಬಿದ್ದ ಮೇಲೆ ನರ ಮುಟ್ಟಲು ಹೆಚ್ಚು ಕಾಲ ಹಿಡಿಯುವುದಿಲ್ಲ.

ತುಟಿ ಮುಚ್ಚಿದ್ದರೆ ಆ ಬಿಳಿ ಗೆರೆ ಯಾರಿಗೂ ಕಾಣುವುದಿಲ್ಲ. ಮಗು ನಕ್ಕರೂ ಕಾಣುವುದಿಲ್ಲ, ಏಕೆಂದರೆ ಅದು ವಸಡಿನ ಅಂಚಿನಲ್ಲಿರುತ್ತದೆ. "ಬಾಯಿ ತೆಗೆ" ಎಂದು ಗಂಟಲು ನೋಡುವಾಗಲೂ ಮೇಲ್ತುಟಿ ಅದನ್ನು ಮರೆಮಾಡಿರುತ್ತದೆ. ಕೆಳಗಿನ ಮುಂಬಲ್ಲುಗಳನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುವ ಅಪಾಯವೂ ಇದೆ. ಹಾಲು ಕುಡಿಯುವಾಗ ನಾಲಿಗೆ ಕೆಳಗಿನ ಮುಂಬಲ್ಲುಗಳನ್ನು ಮುಚ್ಚಿಕೊಂಡಿರುತ್ತದೆ, ಲಾಲಾರಸದ ಗ್ರಂಥಿಯೂ ಅಲ್ಲೇ ಹತ್ತಿರ. ಅವು ಕೊನೆಯವರೆಗೂ ಚೆನ್ನಾಗಿರುತ್ತವೆ. ಹಾಗಾಗಿಯೇ ಮೇಲ್ತುಟಿ ಎಂದು ಒತ್ತಿ ಹೇಳುತ್ತಿದ್ದೇನೆ. ನೋಡುವ ಕ್ರಮವೂ ಸುಲಭ: ನೀವೂ ತಾಯಿಯೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕುಳಿತು, ಮಗುವಿನ ತಲೆ ನಿಮ್ಮ ತೊಡೆಯ ಮೇಲೆ ಬರುವಂತೆ ಮಲಗಿಸಿಕೊಳ್ಳಿ. ಕೈ ತಾಯಿ ಹಿಡಿದಿರುತ್ತಾಳೆ. ಮಗು ಅತ್ತರೆ ಬಾಯಿ ಇನ್ನೂ ಚೆನ್ನಾಗಿ ತೆರೆಯುತ್ತದೆ. ಅಳಿಸುವುದರಲ್ಲಿ ನಿಮಗಿಂತ ಹೆಚ್ಚು ಅನುಭವ ಯಾರಿಗಿದೆ, ಸಮಾಧಾನ ಮಾಡುವುದರಲ್ಲಿಯೂ ಅಷ್ಟೇ.

ಸವಣೂರು ಕಡೆಯಿಂದ ಬಂದ ಒಬ್ಬ ತಾಯಿಯನ್ನು ನೆನೆಯುತ್ತೇನೆ. ಮಗಳಿಗೆ ಮೂರೂವರೆ ವರ್ಷ, ಎಂಟು ಹಲ್ಲು ಹುಳುಕು, ಮೂರರಲ್ಲಿ ಕೀವು. ಆಕೆ ಚೀಲದಿಂದ ತಾಯಿ ಕಾರ್ಡ್ ತೆಗೆದು ನನ್ನ ಮುಂದೆ ಇಟ್ಟಳು. ಒಂದು ಲಸಿಕೆಯೂ ತಪ್ಪಿಲ್ಲ, ಪ್ರತಿ ಚೌಕದಲ್ಲೂ ದಿನಾಂಕವಿದೆ, ತೂಕದ ಗೆರೆ ಮೊದಲೆರಡು ವರ್ಷ ಹಸಿರು ಪಟ್ಟಿಯಲ್ಲೇ ಏರಿದೆ. "ಕರೆದಾಗಲೆಲ್ಲ ಹೋಗಿದ್ದೇನೆ, ಯಾರೂ ಹಲ್ಲಿನ ಮಾತು ಹೇಳಲಿಲ್ಲ" ಎಂದಳು. ಆಕೆ ಸುಳ್ಳು ಹೇಳುತ್ತಿರಲಿಲ್ಲ. ಮಗುವಿನ ಆರೋಗ್ಯಕ್ಕೆ ಸಮಾಜ ಏನೇನು ಮಾಡು ಎಂದಿತೋ ಅದನ್ನೆಲ್ಲ ಮಾಡಿದ ತಾಯಿ ಆಕೆ. ಆ ಕಾರ್ಡಿನಲ್ಲಿ ಕೊನೆಯ ಒಂದು ವರ್ಷ ತೂಕದ ಗೆರೆ ಏರದೆ ಅಡ್ಡಕ್ಕೆ ಮಲಗಿತ್ತು. ಹಲ್ಲು ನೋಯುವ ಮಗು ರೊಟ್ಟಿ ಅಗಿಯುವುದಿಲ್ಲ, ಪಲ್ಯ ತಿನ್ನುವುದಿಲ್ಲ, ಒಂದೇ ಪಕ್ಕಕ್ಕೆ ಅಗಿದು ಬೇಗ ಕೈ ತೊಳೆಯುತ್ತದೆ. ಹಾಲಿನಲ್ಲಿ ನೆನೆಸಿದ ಬಿಸ್ಕತ್ತೇ ಅದಕ್ಕೆ ಹಿತ, ಅದೇ ಹಲ್ಲಿಗೆ ಶತ್ರು. ತೂಕ ಏರುತ್ತಿಲ್ಲವೆಂದು ನಿಮ್ಮಲ್ಲಿಗೆ ಬಂದ ಮಗುವಿಗೆ ನೀವು ಜಂತುನಾಶಕ ಕೊಡುತ್ತೀರಿ, ಕಬ್ಬಿಣದ ಸಿರಪ್ ಬರೆಯುತ್ತೀರಿ. ಕೆಲವು ಮಕ್ಕಳಲ್ಲಾದರೂ ಕಾರಣ ದವಡೆ ಹಲ್ಲಿನ ಗುಳಿಯಲ್ಲಿರುತ್ತದೆ.

"ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತದೆ." ಈ ಮಾತನ್ನು ಅಜ್ಜಿಯಂದಿರ ಬಾಯಲ್ಲಿ ಕೇಳಿದಾಗ ನನಗೆ ಬೇಸರವಾಗುವುದಿಲ್ಲ. ಓದಿದ ವೈದ್ಯರೂ ಹೇಳಿ ಕಳುಹಿಸಿದ್ದಾರೆಂದು ತಾಯಂದಿರು ಹೇಳಿದಾಗ ನಿಜಕ್ಕೂ ನೋವಾಗುತ್ತದೆ. ಮುಂಬಲ್ಲು ಆರೇಳು ವರ್ಷಕ್ಕೆ ಬೀಳುತ್ತವೆ, ಸರಿ. ಆದರೆ ಹಾಲುಹಲ್ಲಿನ ಹಿಂದಿನ ದವಡೆಗಳು ಹತ್ತರಿಂದ ಹನ್ನೆರಡು ವರ್ಷದವರೆಗೆ ಬಾಯಲ್ಲಿರಬೇಕು. ಮೂರನೇ ವರ್ಷಕ್ಕೆ ಹಾಳಾದರೆ ಮಗು ಇನ್ನೂ ಏಳೆಂಟು ವರ್ಷ ಅದರೊಂದಿಗೇ ಉಣ್ಣಬೇಕು, ಅಥವಾ ಅದಿಲ್ಲದೆ ಉಣ್ಣಬೇಕು. ಅವಧಿಗೆ ಮುಂಚೆ ತೆಗೆದರೆ ಪಕ್ಕದ ಹಲ್ಲು ಆ ಜಾಗಕ್ಕೆ ಸರಿಯುತ್ತದೆ. ಆಮೇಲೆ ಬರುವ ಹಲ್ಲಿಗೆ ಎಡೆ ಇರುವುದಿಲ್ಲ. ಬೇರಿನ ತುದಿಯ ಕೀವು ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಎನಾಮಲ್ಲನ್ನೇ ಕೆಡಿಸಬಹುದು. ಆರನೇ ವರ್ಷಕ್ಕೆ ಬರುವ ಶಾಶ್ವತ ದವಡೆಯ ಕಥೆ ಇನ್ನೊಂದು: ಅದು ಯಾವ ಹಲ್ಲನ್ನೂ ಬೀಳಿಸದೆ ಎಲ್ಲಕ್ಕಿಂತ ಹಿಂದೆ ಸದ್ದಿಲ್ಲದೆ ಬರುವುದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ತಿಳಿದು ಕೈಬಿಡುತ್ತಾರೆ. 5-6 ವರ್ಷದ ಬೂಸ್ಟರ್ ಸೂಜಿಗೆ ಬಂದಾಗ "ಹಿಂದೆ ಬರುತ್ತಿರುವ ಹಲ್ಲು ಜೀವಮಾನಕ್ಕೆ ಒಂದೇ ಸಲ ಬರುವಂಥದ್ದು" ಎಂದು ನೀವು ಒಂದು ಮಾತು ಹೇಳಿದರೆ ಅದು ಉಳಿಯುತ್ತದೆ.

ಕೆನ್ನೆ ಊದಿದ ಮಗುವಿಗೆ ಆಂಟಿಬಯಾಟಿಕ್ ಬರೆದು ಕಳುಹಿಸುವ ವಿಷಯವನ್ನೂ ಹೇಳಲೇಬೇಕು. ಊತ ಇಳಿಯುತ್ತದೆ, ಜ್ವರ ಬಿಡುತ್ತದೆ, ಮನೆಯವರು ಗುಣವಾಯಿತೆಂದುಕೊಳ್ಳುತ್ತಾರೆ. ಎರಡು ತಿಂಗಳಿಗೆ ಮತ್ತೆ ಊತ, ಮತ್ತೆ ಅದೇ ಸಿರಪ್. ಸತ್ತ ನರದೊಳಗೆ ರಕ್ತಸಂಚಾರವಿಲ್ಲ, ಔಷಧ ಅಲ್ಲಿಗೆ ತಲುಪುವ ದಾರಿಯೇ ಇಲ್ಲ. ಹಲ್ಲಿನ ಒಳಗಿನದನ್ನು ಸ್ವಚ್ಛ ಮಾಡಬೇಕು ಅಥವಾ ಹಲ್ಲು ತೆಗೆಯಬೇಕು. ಆಂಟಿಬಯಾಟಿಕ್ ಅದಕ್ಕೆ ಬದಲಿಯಾಗಲಾರದು. ಊತ ಕಣ್ಣಿನ ಕಡೆಗೋ ಗಂಟಲಿನ ಕಡೆಗೋ ಹರಡಿದರೆ ಅದು ತುರ್ತು ಪರಿಸ್ಥಿತಿಯೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಔಷಧ ಚೀಟಿಯ ಕೊನೆಯಲ್ಲಿ "ಎರಡು ದಿನದೊಳಗೆ ದಂತವೈದ್ಯರಿಗೆ ತೋರಿಸಿ" ಎಂದು ಒಂದು ಸಾಲು ಬರೆಯಿರಿ. ಚೀಟಿಯಲ್ಲಿ ಬರೆದದ್ದಕ್ಕೆ ನಮ್ಮ ಜನ ಕೊಡುವ ಬೆಲೆಯೇ ಬೇರೆ.

ಸಿರಪ್ ಎಂದಾಗ ಇನ್ನೊಂದು ವಿಷಯ. ಮಕ್ಕಳು ಕುಡಿಯಲೆಂದು ಹಲವು ಸಿರಪ್‌ಗಳಲ್ಲಿ ಸಕ್ಕರೆ ಬೆರೆಸಿರುತ್ತಾರೆ. ಮೂರು ದಿನದ ಕೆಮ್ಮಿನ ಔಷಧದಿಂದ ಹಲ್ಲು ಕೆಡುವುದಿಲ್ಲ. ಅಪಸ್ಮಾರಕ್ಕೋ ಬೇರೆ ದೀರ್ಘ ಕಾಯಿಲೆಗೋ ವರ್ಷಗಟ್ಟಲೆ ಸಿರಪ್ ಕುಡಿಯುವ ಮಗುವಿನ ಮಾತು ಬೇರೆ. ಅದನ್ನೂ ಮಲಗುವ ಮುನ್ನ ಕುಡಿಸಿ ಹಾಗೆಯೇ ಮಲಗಿಸಿದರೆ ರಾತ್ರಿಯಿಡೀ ಸಕ್ಕರೆ ಹಲ್ಲಿನ ಮೇಲೆ ಕುಳಿತಿರುತ್ತದೆ, ಏಕೆಂದರೆ ನಿದ್ದೆಯಲ್ಲಿ ಲಾಲಾರಸ ಬಹಳ ಕಡಿಮೆಯಾಗುತ್ತದೆ. ಸಕ್ಕರೆಯಿಲ್ಲದ್ದು ಸಿಕ್ಕರೆ ಅದನ್ನೇ ಬರೆಯಿರಿ. ಸಿಗದಿದ್ದರೆ ಊಟದ ಹೊತ್ತಿಗೆ ಕೊಡಲು ಹೇಳಿ. ಕುಡಿಸಿದ ಮೇಲೆ ಎರಡು ಗುಟುಕು ನೀರು ಕುಡಿಸಲು ಹೇಳಿ. ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಗುವಿನ ಬಾಯಿಯನ್ನಂತೂ ಯಾರಾದರೊಬ್ಬರು ತಪ್ಪದೆ ನೋಡುತ್ತಿರಲೇಬೇಕು. ಹುಳುಕು ಹಲ್ಲಿನಿಂದ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಹೃದಯದ ಒಳಪೊರೆಯ ಸೋಂಕಿಗೆ ದಾರಿಯಾಗಬಹುದು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ಮೇಲೆ ಹಲ್ಲಿನ ಸೋಂಕು ಕಂಡು ಆ ದಿನವೇ ಮುಂದಕ್ಕೆ ಹೋಗುವುದು ಮನೆಯವರಿಗೆ ಎಂಥ ಸಂಕಟ ಎಂದು ನೀವೂ ಬಲ್ಲಿರಿ.

ಮನೆಗಳಲ್ಲಿ ನಡೆಯುವುದೇನು ಎಂದು ತಾಯಂದಿರನ್ನು ಕೂರಿಸಿ ಕೇಳಿದಾಗ ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲೇ ಇದ್ದು ನಿದ್ದೆ. ಬೆಳಿಗ್ಗೆ ಅಜ್ಜನ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಮಧ್ಯಾಹ್ನ ಅಂಗಡಿಯ ಐದು ರೂಪಾಯಿಯ ಪೊಟ್ಟಣ. ಅತ್ತಾಗ ಬೆರಳಿಗೆ ಬೆಲ್ಲವೋ ಜೇನುತುಪ್ಪವೋ ಹಚ್ಚಿ ಚೀಪಿಸುವುದು. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಬೇರೆ ಕಾರಣಕ್ಕೂ ಅಪಾಯವೆಂದು ನೀವೇ ಹೇಳುತ್ತಿರುತ್ತೀರಿ. ಸಿಹಿಯ ಮೇಲೆ ನನಗೆ ಹಗೆಯಿಲ್ಲ. ಪೇಡೆಯ ಊರಿನಲ್ಲಿ ಮಗುವಿಗೆ ಪೇಡೆಯೇ ಬೇಡವೆನ್ನಲು ನನಗೆ ಮನಸ್ಸೂ ಇಲ್ಲ, ಅದು ಸರಿಯೂ ಅಲ್ಲ. ಊಟದ ಜೊತೆ ಒಮ್ಮೆ ತಿಂದ ಪೇಡೆಗಿಂತ ದಿನವಿಡೀ ಕೈಯಲ್ಲಿ ಹಿಡಿದು ಚೂರುಚೂರಾಗಿ ತಿನ್ನುವ ಬಿಸ್ಕತ್ತೇ ಹೆಚ್ಚು ಕೆಡುಕು. ಹಲ್ಲಿಗೆ ಮುಖ್ಯವಾದದ್ದು ಎಷ್ಟು ಸಲ ಎಂಬುದು; ಪ್ರತಿ ಸಲವೂ ಬಾಯಿ ಇಪ್ಪತ್ತು ಮೂವತ್ತು ನಿಮಿಷ ಆಮ್ಲೀಯವಾಗಿರುತ್ತದೆ. ಹೀಗೆ ಹತ್ತು ಸಲ ಆದರೆ ಲಾಲಾರಸಕ್ಕೆ ರಿಪೇರಿ ಮಾಡಲು ಬಿಡುವೇ ಸಿಗುವುದಿಲ್ಲ.

ಎದೆಹಾಲಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮವರೇ ಕೆಲವರು ರಾತ್ರಿ ಎದೆಹಾಲು ಬಿಡಿಸಿ ಎಂದು ತಾಯಂದಿರಿಗೆ ಹೇಳಿ ಗೊಂದಲ ಮಾಡುತ್ತಾರೆ. ಎರಡು ವರ್ಷ, ಅದರಾಚೆಗೂ ಎದೆಹಾಲು ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಲ್ಲು ಬಂದ ಮೇಲೆ ರಾತ್ರಿ ಮಲಗುವ ಮುನ್ನ ಹಲ್ಲುಜ್ಜಿರಬೇಕು, ಹಗಲಿನ ಸಕ್ಕರೆ ಕಡಿಮೆಯಿರಬೇಕು, ಇಷ್ಟೇ. ಬಾಟಲಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಒಂದು ವರ್ಷಕ್ಕೆ ಲೋಟ ಹಿಡಿಸಿ, ಬಾಟಲಿ ಬಿಡಿಸಿ ಎಂದು ನೀವು ಹೇಳಬೇಕು. ನಾನು ಹೇಳಿದರೆ ಅತ್ತೆ ಒಪ್ಪುವುದಿಲ್ಲ. "ಮಕ್ಕಳ ಡಾಕ್ಟರೇ ಹೇಳಿದ್ದಾರೆ" ಎಂದರೆ ಆ ಮನೆಯಲ್ಲಿ ಮರುಮಾತಿಲ್ಲ. ಈ ಪತ್ರ ನಿಮಗೆ ಬರೆಯಲು ಅದೂ ಒಂದು ಕಾರಣ.

ಮೊದಲ ಹಲ್ಲಿನ ಮೇಲೆ ಮನೆಯವರ ಗಮನ ಇಲ್ಲವೆಂದಲ್ಲ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎಂಬ ನಂಬಿಕೆಯಿಂದ ದಿನವೂ ವಸಡು ಮುಟ್ಟಿ ನೋಡುವ ಅಜ್ಜಿಯರು ನಮ್ಮಲ್ಲಿದ್ದಾರೆ. ಭೇದಿ ಆದರೆ ಹಲ್ಲು ಬರುತ್ತಿದೆ ಬಿಡಿ ಎನ್ನುವವರೂ ಇದ್ದಾರೆ, ಅದರಿಂದ ಮಗುವಿಗೆ ಓಆರ್‌ಎಸ್ ತಡವಾಗಿ ಸಿಗುತ್ತದೆ. ಅಷ್ಟು ಆಸ್ಥೆಯಿಂದ ವಸಡು ಮುಟ್ಟುವ ಆ ಬೆರಳಿಗೆ, ಹಲ್ಲು ಕಂಡ ದಿನದಿಂದಲೇ ಒಂದು ಮೆತ್ತನೆಯ ಬ್ರಷ್ ಕೊಡಿಸುವವರು ಬೇಕು. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು ಪೇಸ್ಟ್, ಮೂರರಿಂದ ಆರರವರೆಗೆ ಬಟಾಣಿಯಷ್ಟು, ಉಜ್ಜುವುದು ದೊಡ್ಡವರೇ. ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಇರಲಿ. ಬಣ್ಣದ ಚಿತ್ರ ಅಚ್ಚಾದ ಮಕ್ಕಳ ಪೇಸ್ಟುಗಳಲ್ಲಿ ಎಷ್ಟೋ ಸಲ ಫ್ಲೋರೈಡ್ ಅರ್ಧದಷ್ಟಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಡಬ್ಬದ ಹಿಂಬದಿ ಓದಬೇಕು.

ಫ್ಲೋರೈಡ್ ಎಂದ ಕೂಡಲೇ ಗದಗ ಜಿಲ್ಲೆಯ ವೈದ್ಯರು ಹುಬ್ಬೇರಿಸುತ್ತಾರೆ, ಅದಕ್ಕೆ ಕಾರಣವೂ ಇದೆ. ಮುಂಡರಗಿ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಿತ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ನಮ್ಮ ದೇಶದ ಮಾನಕ. ಅದನ್ನು ಮೀರಿದ ನೀರನ್ನು ಎಳವೆಯಿಂದ ಕುಡಿದ ಮಕ್ಕಳ ಶಾಶ್ವತ ಹಲ್ಲಿನಲ್ಲಿ ಬಿಳಿ ಪಟ್ಟೆ, ಕಂದು ಕಲೆ ಕಾಣುತ್ತವೆ. ಹೆಚ್ಚಾದರೆ ಮೂಳೆ, ಕೀಲುಗಳಿಗೂ ತಟ್ಟುತ್ತದೆ. ಅಂಥ ಊರಿನ ತಾಯಿಗೆ ಫ್ಲೋರೈಡ್ ಪೇಸ್ಟ್ ತನ್ನಿ ಎಂದರೆ ಆಕೆಗೆ ಹೆದರಿಕೆಯಾಗುವುದು ಸಹಜ. ಆ ಹೆದರಿಕೆಯನ್ನು ಅಲ್ಲಗಳೆಯದೆ ಬಿಡಿಸಿ ಹೇಳಬೇಕು. ಹಲ್ಲಿನ ಈ ಕಲೆಗಳು, ಅಂದರೆ ಫ್ಲೋರೋಸಿಸ್, ಬರುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ, ನುಂಗಿದ ಫ್ಲೋರೈಡಿನಿಂದ. ಮುಂಬಲ್ಲುಗಳಿಗೆ ಮೊದಲ ಮೂರು ವರ್ಷ ಅತ್ಯಂತ ಸೂಕ್ಷ್ಮ. ಹುಳುಕು ತಡೆಯುವುದು ಮುಖ್ಯವಾಗಿ ಹೊರಗಿನಿಂದ ಹಲ್ಲಿನ ಮೈಗೆ ತಾಗಿದ ಫ್ಲೋರೈಡ್. ವಾರ್ನಿಷ್ ಹಚ್ಚಿದ ಕ್ಷಣವೇ ಲಾಲಾರಸ ತಾಗಿ ಗಟ್ಟಿಯಾಗಿ ಹಲ್ಲಿಗೆ ಅಂಟುತ್ತದೆ. ಹೊಟ್ಟೆಗೆ ಹೋಗುವುದು ತೀರಾ ಕಡಿಮೆ, ಅದೂ ವರ್ಷಕ್ಕೆ ಎರಡು ಸಲ. ಕೊಳವೆಬಾವಿ ನೀರು ಹಾಗಲ್ಲ, ದಿನವೂ ಲೋಟಗಟ್ಟಲೆ ಹೊಟ್ಟೆಗಿಳಿಯುತ್ತದೆ. ಮಲಪ್ರಭೆಯ ನೀರು ಕುಡಿಯುವ ಹುಬ್ಬಳ್ಳಿ-ಧಾರವಾಡದ ಮಗುವಿಗೂ ಕೊಳವೆಬಾವಿಯ ನೀರು ಕುಡಿಯುವ ಮುಂಡರಗಿಯ ಮಗುವಿಗೂ ಒಂದೇ ಸಲಹೆ ಚೀಟಿ ಸಲ್ಲದು. "ಮನೆಗೆ ಯಾವ ನೀರು ಬರುತ್ತದೆ?" ಎಂಬ ಪ್ರಶ್ನೆ ಗದಗದ ಪ್ರತಿ ಮಕ್ಕಳ ವೈದ್ಯರ ಬಾಯಲ್ಲಿರಬೇಕು. ನದಿ ನೀರೋ ಶುದ್ಧೀಕರಣ ಘಟಕದ ನೀರೋ ಸಿಗುವಂತಿದ್ದರೆ ಕೂಸಿನ ಗಂಜಿಗೆ, ಹಾಲಿಗೆ ಮೊದಲು ಆ ನೀರು ಹೋಗಲಿ. ಕಲೆ ಬಿದ್ದ ಹಲ್ಲು ಹುಳುಕಾಗುವುದಿಲ್ಲ ಎಂಬ ಮಾತನ್ನೂ ನಂಬಬೇಡಿ. ಎನಾಮಲ್ ಗುಳಿಬಿದ್ದು ಉದುರುವ ಹಂತಕ್ಕೆ ಬಂದ ಹಲ್ಲಿನಲ್ಲಿ ಹುಳುಕು ಸುಲಭವಾಗಿ ನೆಲೆಯೂರುತ್ತದೆ.

ವಾರ್ನಿಷ್ ಹಚ್ಚುವುದು ದಂತವೈದ್ಯರ ಕೆಲಸವಲ್ಲವೇ ಎಂದು ಕೇಳುವವರಿದ್ದೀರಿ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಬಡ ಕುಟುಂಬದ ಪುಟ್ಟ ಮಕ್ಕಳಿಗೆ ಅವರ ವೈದ್ಯರೇ, ನರ್ಸುಗಳೇ ಸಾಮಾನ್ಯ ತಪಾಸಣೆಯ ಹೊತ್ತಿನಲ್ಲಿ ಹಚ್ಚುವ ಕಾರ್ಯಕ್ರಮ 2000ರಲ್ಲಿ ಶುರುವಾಯಿತು. ಹಲ್ಲು ಬಂದ ದಿನದಿಂದ ಐದು ವರ್ಷದವರೆಗೆ ಪ್ರಾಥಮಿಕ ಚಿಕಿತ್ಸೆಯ ವೈದ್ಯರೇ ಇದನ್ನು ಹಚ್ಚಬೇಕೆಂದು ಆ ದೇಶದ ರೋಗ ತಡೆ ಸೇವೆಗಳ ಕಾರ್ಯಪಡೆ 2014ರಲ್ಲಿ ಹೇಳಿತು, 2021ರಲ್ಲಿ ಮತ್ತೆ ಹೇಳಿತು. ಅಲ್ಲಿಯೂ ಕಾರಣ ಇದೇ: ದಂತವೈದ್ಯರನ್ನು ಕಾಣದ ಮಗುವೂ ಮಕ್ಕಳ ವೈದ್ಯರನ್ನು ಕಾಣುತ್ತದೆ. ಹುಳುಕನ್ನು ಅಲ್ಲಿಗೇ ನಿಲ್ಲಿಸುವ ಸಿಲ್ವರ್ ಡೈಅಮೈನ್ ಫ್ಲೋರೈಡನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹಚ್ಚಿದ ಗುಳಿ ಕಪ್ಪಾಗುತ್ತದೆ ಎಂಬುದೇ ಅದರ ಮುಖ್ಯ ಕುಂದು. ಅರಿವಳಿಕೆ ಕೊಟ್ಟು ಎಂಟು ಹಲ್ಲಿನ ಚಿಕಿತ್ಸೆ ಮಾಡಿಸುವ ಶಕ್ತಿಯಿಲ್ಲದ ಮನೆಗೆ ಆ ಕಪ್ಪು ದೊಡ್ಡ ಮಾತಲ್ಲ.

ಇನ್ನು ಆರೋಗ್ಯಾಧಿಕಾರಿಗಳೇ, ನಿಮಗೆ.

ವಿಟಮಿನ್ ಎ ದ್ರಾವಣವನ್ನು ನಾವು 9ನೇ ತಿಂಗಳಿನಿಂದ ಆರಂಭಿಸಿ, ಒಂದೂವರೆ ವರ್ಷದ ಸುಮಾರಿಗೆ ಎರಡನೆಯದು, ಆಮೇಲೆ ಆರಾರು ತಿಂಗಳಿಗೊಮ್ಮೆ ಐದು ವರ್ಷ ತುಂಬುವವರೆಗೆ ಒಟ್ಟು ಒಂಬತ್ತು ಸಲ ಕೊಡುತ್ತೇವೆ. ಅದನ್ನು ಚಮಚದಲ್ಲಿ ಬಾಯಿಗೇ ಹಾಕುತ್ತೇವೆ. ಮಗು ತಾಯಿಯ ತೊಡೆಯ ಮೇಲಿದೆ, ಕೈ ಹಿಡಿದಿದ್ದಾರೆ, ಬಾಯಿ ತೆರೆದಿದೆ, ಎದುರಿಗೆ ತರಬೇತಾದ ಆರೋಗ್ಯ ಕಾರ್ಯಕರ್ತೆ ಇದ್ದಾರೆ. ವಾರ್ನಿಷ್ ಹಚ್ಚಬೇಕಾದ ಅಂತರವೂ ಆರು ತಿಂಗಳೇ. ಹೊಸ ಶಿಬಿರ ಬೇಡ, ಹೊಸ ವಾಹನ ಬೇಡ, ತಾಯಿಯನ್ನು ಇನ್ನೊಂದು ದಿನ ಕರೆಸುವುದೂ ಬೇಡ. ಗುರುವಾರದ ಲಸಿಕೆಯ ಪೆಟ್ಟಿಗೆಯ ಪಕ್ಕದಲ್ಲಿ ವಾರ್ನಿಷಿನ ಪುಟ್ಟ ಪೊಟ್ಟಣಗಳನ್ನಿಟ್ಟು, ಚಮಚ ತೆಗೆಯುವ ಮೊದಲು ತುಟಿ ಎತ್ತಿ ನೋಡಲು ಕಲಿಸಿದರೆ ಸಾಕು. ಒಂದೆರಡು ತಾಲೂಕುಗಳಲ್ಲಿ ಮಾಡಿ ನೋಡೋಣ. ನನ್ನನ್ನು ಕೇಳಿದರೆ ಹಾವೇರಿ ಜಿಲ್ಲೆಯ ಒಂದು ತಾಲೂಕು ವಾರ್ನಿಷಿಗೆ, ಗದಗ ಜಿಲ್ಲೆಯ ಒಂದು ತಾಲೂಕು ನೀರಿನ ಪರೀಕ್ಷೆಯನ್ನೂ ಜೋಡಿಸಿಕೊಂಡು.

ತಾಯಿ ಕಾರ್ಡಿನಲ್ಲಿ ಹಲ್ಲಿಗೆ ಒಂದು ಸಾಲು ಬೇಕು. ಒಂಬತ್ತನೇ ತಿಂಗಳು, ಒಂದೂವರೆ ವರ್ಷ, ಎರಡು, ಮೂರು, ಐದು. ಪ್ರತಿಯೊಂದರ ಮುಂದೆ "ಸರಿಯಿದೆ, ಬಿಳಿ ಗೆರೆ, ಗುಳಿ" ಎಂದು ಗುರುತು ಹಾಕುವ ಚೌಕ. ಕಾರ್ಡಿನಲ್ಲಿ ಚೌಕವಿದ್ದರೆ ಅದನ್ನು ಯಾರಾದರೂ ತುಂಬುತ್ತಾರೆ, ಇಲ್ಲದಿದ್ದರೆ ಇಲ್ಲ. ಹೊಸ ಕಾರ್ಡ್ ಅಚ್ಚಾಗುವುದು ರಾಜ್ಯಮಟ್ಟದ ಕೆಲಸ ಎನ್ನುವುದಾದರೆ ಅಲ್ಲಿಯವರೆಗೆ ಒಂದು ರಬ್ಬರ್ ಮುದ್ರೆ ಮಾಡಿಸಿ ಒತ್ತಿಸಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ ಹೋಗಬೇಕು. ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ಆ ತಂಡಗಳು ಗುರುತಿಸಿ ಕಳುಹಿಸಿದ ಮಗು ನಿಜವಾಗಿ ತಾಲೂಕು ಆಸ್ಪತ್ರೆಯ ದಂತವೈದ್ಯರನ್ನು ತಲುಪಿತೇ ಎಂದು ಹಿಂಬಾಲಿಸಿ ನೋಡಿ. ಇಲ್ಲಿಯೇ ಹೆಚ್ಚಿನ ಮಕ್ಕಳು ಕೈತಪ್ಪುವುದು. ಅಂಗನವಾಡಿ, ಶಾಲೆಗಳಲ್ಲಿ ಸಿಹಿ ಹಾಲು ಕೊಟ್ಟ ಮೇಲೆ ಮಕ್ಕಳಿಗೆ ಬಾಯಿ ಮುಕ್ಕಳಿಸಲು ಹೇಳುವಂತೆ ಒಂದು ಸುತ್ತೋಲೆ ಕಳುಹಿಸಿ. ಅದಕ್ಕೆ ಹಣ ಬೇಕಿಲ್ಲ. ಹಲ್ಲು ಕಳೆದುಕೊಂಡ ಹಿರಿಯರಿಗೆ ದಂತಭಾಗ್ಯ ಯೋಜನೆಯಲ್ಲಿ ಹಲ್ಲಿನ ಸೆಟ್ ಕೊಟ್ಟ ಸರ್ಕಾರ ನಮ್ಮದು, ಅದು ಒಳ್ಳೆಯ ಕೆಲಸ. ಅದೇ ಕಾಳಜಿ ಬಾಯಿಗೆ ಆಗತಾನೇ ಬರುತ್ತಿರುವ ಹಲ್ಲಿಗೂ ಸಲ್ಲಬೇಕು.

ಮತ್ತೆ ವೈದ್ಯ ಮಿತ್ರರಿಗೆ. ನಿಮ್ಮ ಕೋಣೆಯ ಹೊರಗೆ ಟೋಕನ್ ಹಿಡಿದು ಕಾಯುವವರ ಸಾಲು ನಾನು ನೋಡಿದ್ದೇನೆ. ಆ ಸಾಲಿನ ಮಧ್ಯೆ ಇನ್ನೊಂದು ಕೆಲಸ ಹೇರುತ್ತಿರುವುದು ನನಗೆ ತಿಳಿದಿದೆ, ಆದರೂ ಕೇಳುತ್ತೇನೆ. ಹಲ್ಲನ್ನು ಗುರುತಿಸುವಷ್ಟು ನಮಗೆ ಕಲಿಸಿಲ್ಲ ಎನ್ನುತ್ತೀರಿ. ಅದು ನಿಜ, ವೈದ್ಯಕೀಯ ಪಠ್ಯದಲ್ಲಿ ಬಾಯಿಗೆ ಸಿಕ್ಕ ಜಾಗ ಬಹಳ ಚಿಕ್ಕದು. ಬಿಳಿ ಗೆರೆ, ಕಂದು ಗುಳಿ, ಕೀವುಗುಳ್ಳೆ ಈ ಮೂರನ್ನು ಗುರುತಿಸಲು ಒಂದು ಮಧ್ಯಾಹ್ನ ಸಾಕು. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗದ ಜಿಮ್ಸ್, ಹಾವೇರಿಯ ವೈದ್ಯಕೀಯ ಸಂಸ್ಥೆ ಮೂರರಲ್ಲೂ ಮಕ್ಕಳ ವಿಭಾಗವಿದೆ. ಸತ್ತೂರಿನ ಎಸ್‌ಡಿಎಂ ದಂತ ಮಹಾವಿದ್ಯಾಲಯದಲ್ಲಿ ಮಕ್ಕಳ ದಂತವಿಭಾಗವಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದು ವಾರ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೋಗಿ ಬರುವಂತೆ ಆ ಸಂಸ್ಥೆಗಳ ಮುಖ್ಯಸ್ಥರು ಮನಸ್ಸು ಮಾಡಿದರೆ ಮುಂದಿನ ಪೀಳಿಗೆಯ ಮಕ್ಕಳ ವೈದ್ಯರಿಗೆ ಯಾರೂ ಇಂಥ ಪತ್ರ ಬರೆಯಬೇಕಾಗುವುದಿಲ್ಲ.

ನೀವು ಕಳುಹಿಸಿದ ಮಗುವನ್ನು ನೋಡಿದ ದಂತವೈದ್ಯರು ಏನು ಕಂಡಿತು, ಏನು ಮಾಡಿದೆವು ಎಂದು ನಿಮಗೆ ಮರುಚೀಟಿ ಬರೆಯಲೇಬೇಕು. ಇದನ್ನು ನಾನು ನನ್ನ ಸಹವೃತ್ತಿಯವರಿಗೂ ಈ ಪತ್ರದ ಮೂಲಕವೇ ಹೇಳುತ್ತಿದ್ದೇನೆ. ಮರುಚೀಟಿ ಬಾರದಿದ್ದರೆ ಫೋನ್ ಮಾಡಿ ಕೇಳಿ, ಅದು ನಿಮ್ಮ ಹಕ್ಕು.

ನಿಮ್ಮ ಸ್ಥಳೀಯ ಸಂಘದ ಮುಂದಿನ ಸಭೆಯಲ್ಲಿ ನನಗೆ ಮುಕ್ಕಾಲು ಗಂಟೆ ಕೊಡಿ. ಚಿತ್ರಗಳನ್ನು, ಕೆಲವು ಬ್ರಷ್‌ಗಳನ್ನು, ವಾರ್ನಿಷಿನ ಪೊಟ್ಟಣಗಳನ್ನು ತರುತ್ತೇನೆ. ಹಚ್ಚುವ ಕ್ರಮವನ್ನು ಅಲ್ಲೇ ಮಾಡಿ ತೋರಿಸುತ್ತೇನೆ. ಗದಗ, ಹಾವೇರಿಗೂ ನನ್ನ ಖರ್ಚಿನಲ್ಲೇ ಬರುತ್ತೇನೆ. ಲಸಿಕೆ ಹಾಕುವ ನರ್ಸುಗಳನ್ನೂ ಆ ಸಭೆಗೆ ಕರೆಯಿರಿ, ಏಕೆಂದರೆ ಕೊನೆಗೆ ಹೆಚ್ಚಿನ ತುಟಿಗಳನ್ನು ಎತ್ತಿ ನೋಡುವವರು ಅವರೇ ಆಗಿರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ಮಕ್ಕಳ ದಂತವೈದ್ಯೆ